ಎಂಟಕ್ಕೆ ನಲವತ್ತೊಂದು

ನಮ್ಮ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಎಂಬತ್ತಣ್ಣ. ವಯಸ್ಸಿನಿಂದ ಬಂದ ಹೆಸರಲ್ಲ, ಇವರಿಗೆ ಅರವತ್ತು ದಾಟಿದೆ ಅಷ್ಟೇ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಹೆದ್ದಾರಿಗೆ ಬಿದ್ದರೆ ಸಾಕು, ಮೀಟರಿನ ಮುಳ್ಳು ಎಂಬತ್ತರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲವಂತೆ. ಅದನ್ನು ಕಣ್ಣಾರೆ ಕಂಡವರು ಬೀದಿಯಲ್ಲಿ ಒಬ್ಬರೂ ಇಲ್ಲ. ಹೇಳಿದವರು ಇವರೇ, ನಂಬಿದವರು ಬೀದಿಯವರು, ಮದುವೆಯಾದಾಗಿನಿಂದ ಕೇಳುತ್ತ ಬಂದವಳು ನಾನು.

ಲಾರಿ ಬಿಟ್ಟ ಮೇಲೆ ಗಾಜಿನ ಅಂಗಡಿ ಇಟ್ಟೆವು. ಕಿಟಕಿ ಗಾಜು, ಕನ್ನಡಿ, ಷೋಕೇಸಿನ ಗಾಜು. ಕತ್ತರಿಸುವವಳು ನಾನು. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜಿನ ಹಾಳೆ ಮಲಗಿಸಿ, ಅಳತೆಪಟ್ಟಿ ಒತ್ತಿ ಹಿಡಿದು, ಕಟ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೇ ಗೆರೆ ಎಳೆಯಬೇಕು. ಅದೇ ಗೆರೆಯ ಮೇಲೆ ಎರಡನೇ ಸಲ ಎಳೆದಿರೋ, ಗಾಜು ತನಗಿಷ್ಟ ಬಂದ ಕಡೆ ಒಡೆದುಕೊಳ್ಳುತ್ತದೆ. ಆತುರದವರಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಹಾಗಾಗಿ ಇವರು ಅದನ್ನು ದೊಡ್ಡ ಮನಸ್ಸು ಮಾಡಿ ನನಗೆ ಬಿಟ್ಟುಕೊಟ್ಟು, ಪಿಕಪ್ಪನ್ನು ತಾವಿಟ್ಟುಕೊಂಡರು. ಕಾರ್ಖಾನೆಯಿಂದ ಹಾಳೆ ತರುವುದು, ಗಿರಾಕಿಗಳ ಮನೆಗೆ ಮುಟ್ಟಿಸುವುದು, ಹೋದಲ್ಲೆಲ್ಲ ಜಂಬ ಕೊಚ್ಚುವುದು ಇವರ ಖಾತೆ.

ಒಂದು ಸಲ ಕಾರ್ಖಾನೆಯಿಂದ ಬರುವಾಗ ತಿರುವಿನಲ್ಲಿ ಪಿಕಪ್ಪು ಮಗುಚಿಕೊಂಡಿತು. ಸುದ್ದಿ ಕೇಳಿ ನಾನು ಓಡಿಹೋಗುವಷ್ಟರಲ್ಲಿ ಒಂದು ಲೋಡು ಗಾಜು ಸಕ್ಕರೆಯ ಹಾಗೆ ರಸ್ತೆ ತುಂಬ ಚೆಲ್ಲಿತ್ತು. ಆ ಪುಡಿಯ ನಡುವೆ ಇವರ ಒಂದು ಚಪ್ಪಲಿ ಬಿದ್ದಿತ್ತು. ಚಪ್ಪಲಿಯ ಒಡೆಯರು ಮೈಲಿಗಲ್ಲಿನ ಮೇಲೆ ಕೂತು, ಹಣೆಯ ತರಚುಗಾಯಕ್ಕೆ ಕರವಸ್ತ್ರ ಒತ್ತಿಕೊಂಡಿದ್ದರು.

“ವೇಗ ಏನೂ ಜಾಸ್ತಿ ಇರ್ಲಿಲ್ಲ ಕಣೇ,” ಎಂದರು. “ತಿರುವು ಜಾಸ್ತಿ ಇತ್ತು.”

ಅವತ್ತಿನಿಂದ ಇವರು ಕಾರ್ಖಾನೆಗೆ ಹೋದ ದಿನ ನನ್ನ ಕೈಯಲ್ಲಿ ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ನನಗೆ ಗಂಡ ಬೇಕಿತ್ತು, ಎಂಬತ್ತಣ್ಣ ಬೇಕಿರಲಿಲ್ಲ. ನಿಧಾನ ಹೋಗಿ ಎಂದು ಬೇಡಿಕೊಂಡೆ. ಕಾಲು ಕೆರೆದು ಜಗಳ ಮಾಡಿದೆ. ಮುಖ ಊದಿಸಿಕೊಂಡು ಒಂದು ವಾರ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆ ಎಂಬುದು ಇವರ ಗಮನಕ್ಕೇ ಬರಲಿಲ್ಲ.

ದೇವರು ಕಣ್ಣು ಬಿಟ್ಟನೋ ಏನೋ, ಒಂದು ದಿನ ಅಂಗಡಿಯ ಮುಂದಿನ ದಿಬ್ಬ ಹತ್ತುವಾಗ ಪಿಕಪ್ಪಿನ ಹಿಂಭಾಗದಲ್ಲಿ ಕಟಕಟ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದುಕೊಂಡು ಹೋದೆವು. ಮೆಕ್ಯಾನಿಕ್ ಹಿಂದಿನ ಆಕ್ಸಲ್ ಬಿಚ್ಚಿ, ಒಳಗಿದ್ದ ಹಲ್ಲುಚಕ್ರಗಳೆರಡನ್ನು ಡೀಸೆಲ್ಲಿನಲ್ಲಿ ತೊಳೆದು ನಮ್ಮ ಮುಂದಿಟ್ಟ. ಸಣ್ಣ ಚಕ್ರದ ಹಲ್ಲು ಮುರಿದಿತ್ತು.

“ಕ್ರೌನು, ಪಿನಿಯನ್ನು ಎರಡೂ ಒಟ್ಟಿಗೇ ಬದಲಿಸ್ಬೇಕು ಅಣ್ಣ,” ಎಂದ. “ನನ್ ಹತ್ರ ಎರಡು ಜೋಡಿ ಇವೆ. ಒಂದು ಈಗಿದ್ದಂಥದ್ದೇ. ಸಣ್ಣದಕ್ಕೆ ಒಂಬತ್ತು ಹಲ್ಲು, ದೊಡ್ಡದಕ್ಕೆ ಮೂವತ್ತೇಳು. ಓಟ ಚೆನ್ನಾಗಿರುತ್ತೆ. ಇನ್ನೊಂದು ಎಂಟಕ್ಕೆ ನಲವತ್ತೊಂದು. ಓಟ ಕಮ್ಮಿ, ಎಳೆತ ಜಾಸ್ತಿ. ನೀವು ಹೊರೋದು ಗಾಜು, ಹತ್ತೋದು ಈ ದಿಬ್ಬ. ನನ್ನ ಕೇಳಿದ್ರೆ ಎಂಟಕ್ಕೆ ನಲವತ್ತೊಂದೇ ಹಾಕಿಸ್ಕೊಳ್ಳಿ.”

“ನಿನ್ನ ಯಾರು ಕೇಳಿದ್ರು?” ಎಂದರು ಇವರು. “ನಾನೇನು ಎತ್ತಿನ ಗಾಡಿ ಹೊಡೀತೀನಾ? ಒಂಬತ್ತಕ್ಕೆ ಮೂವತ್ತೇಳು ಹಾಕು.”

ಅಷ್ಟು ಹೇಳಿ ಟೀ ಕುಡಿಯಲು ಹೋದರು. ಗಾಡಿಯ ಕೆಳಗೆ ಬಗ್ಗಿ ನೋಡುವುದು ಇವರ ಜಾಯಮಾನದಲ್ಲೇ ಇಲ್ಲ. ಸೀಟಿನ ಮೇಲಿರುವವನು ಡ್ರೈವರ್, ಸೀಟಿನ ಕೆಳಗಿರುವುದೆಲ್ಲ ಮೆಕ್ಯಾನಿಕ್ಕಿನದು ಎಂಬುದು ಇವರ ಸಿದ್ಧಾಂತ. ಅಷ್ಟು ವರ್ಷ ಲಾರಿ ಓಡಿಸಿಯೂ ಅಂಗಿಗೆ ಒಂದು ಚುಕ್ಕಿ ಗ್ರೀಸು ತಾಗಿಸಿಕೊಂಡವರಲ್ಲ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಆ ಹೆಮ್ಮೆಗೆ ನಾನು ಇವತ್ತಿಗೂ ಋಣಿ.

ಗಾಜು ನಿಲ್ಲಿಸುವ ಮರದ ಸ್ಟ್ಯಾಂಡು ಸರಿಮಾಡುವ ನೆಪದಲ್ಲಿ ನಾನು ಅಲ್ಲೇ ಉಳಿದೆ.

“ಎಂಟಕ್ಕೆ ನಲವತ್ತೊಂದು ಹಾಕಪ್ಪ,” ಎಂದೆ.

“ಅತ್ತಿಗೆ, ಅಣ್ಣಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ.”

“ಹೇಳೋರು ಯಾರು? ನೀನು ಹೇಳ್ತೀಯಾ?”

ಅವನು ತಲೆ ಕೆರೆದುಕೊಂಡ. “ಅದಲ್ಲ ಅತ್ತಿಗೆ, ಇನ್ನೊಂದು ತಾಪತ್ರಯ ಇದೆ. ಮೀಟರ್ ತಪ್ಪು ತೋರ್ಸುತ್ತೆ. ಮೀಟರ್ ಕೇಬಲ್ ಬರೋದು ಮುಂದಿನ ಗೇರ್ ಬಾಕ್ಸಿಂದ. ಹಿಂದೆ ನಾವು ಎಷ್ಟು ಹಲ್ಲಿಂದು ಹಾಕಿದೀವಿ ಅಂತ ಅದಕ್ಕೆ ಗೊತ್ತಾಗಲ್ಲ. ಗಾಡಿ ಅರವತ್ನಾಲ್ಕರಲ್ಲಿ ಹೋಗ್ತಿದ್ರೂ ಮುಳ್ಳು ಎಂಬತ್ತು ಅನ್ನುತ್ತೆ. ಕೇಬಲ್ ಬುಡದಲ್ಲಿ ಒಂದು ಪ್ಲಾಸ್ಟಿಕ್ ಗೇರ್ ಇರುತ್ತೆ, ಅದನ್ನ ಬದಲಿಸಿದ್ರೆ ಸರಿಹೋಗುತ್ತೆ. ಹೇಳಿ ತರಿಸ್ಬೇಕು.”

ಎಷ್ಟೋ ವರ್ಷಗಳಿಂದ ನಾನು ಬೇಡಿಕೊಳ್ಳುತ್ತಿದ್ದ ಗಂಡನನ್ನು ಅವನು ತಾಪತ್ರಯ ಎನ್ನುತ್ತಿದ್ದ. ನೋಡುವುದಕ್ಕೆ ಎಂಬತ್ತು, ಓಡುವುದಕ್ಕೆ ಅರವತ್ನಾಲ್ಕು! ಇಂಥ ಜೋಡಿ ಬಜಾರಿನಲ್ಲಿ ಸಿಗುತ್ತದೆ ಎಂದು ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ.

“ಬದಲಿಸ್ಬೇಡ,” ಎಂದೆ. “ಆ ಪ್ಲಾಸ್ಟಿಕ್ಕಿನ ಸುದ್ದಿಗೇ ಹೋಗ್ಬೇಡ.”

“ತಪ್ಪಲ್ವಾ ಅತ್ತಿಗೆ?”

“ಮನೆಗೆ ಹೋಗಿ ನಿನ್ನ ಹೆಂಡ್ತೀನ ಕೇಳು, ತಪ್ಪೋ ಸರಿಯೋ ಅಂತ.”

ಅವನು ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಕೆಳಗೆ ನುಸುಳಿದ.

ಮೊದಲ ದಿನ ನಾನೂ ಜೊತೆಗೆ ಹೋದೆ. ಪಕ್ಕದಲ್ಲಿ ಕೂತು ಇವರ ಮುಖವನ್ನೇ ನೋಡುತ್ತಿದ್ದೆ. ಪಿಕಪ್ಪು ದಿಬ್ಬವನ್ನು ಏದುಸಿರಿಲ್ಲದೆ ಹತ್ತಿತು. ಹೆದ್ದಾರಿಯಲ್ಲಿ ಎಂಜಿನ್ನು ಗಂಟಲೆತ್ತರಿಸಿತು, ಮುಳ್ಳು ಸರಸರನೆ ಎಂಬತ್ತಕ್ಕೆ ಏರಿತು. ಇವರು ಮೀಸೆಯ ಮೇಲೆ ಕೈಯಾಡಿಸಿದರು.

“ನೋಡಿದ್ಯಾ? ಓಟ ಅಂದ್ರೆ ಇದು! ಅವನ ಮಾತು ಕೇಳಿದ್ದಿದ್ರೆ ಈಗ ಎಮ್ಮೆ ಹಿಂದೆ ಹೋಗ್ತಿದ್ವಿ.”

ಅಷ್ಟರಲ್ಲಿ ಒಂದು ಶಾಲೆಯ ವ್ಯಾನು ನಮ್ಮನ್ನು ಹಿಂದೆ ಹಾಕಿಕೊಂಡು ಹೋಯಿತು. “ಮಕ್ಕಳನ್ನ ಕೂರಿಸ್ಕೊಂಡು ಈ ಪಾಟಿ ಓಡಿಸ್ತಾನಲ್ಲ! ನೂರರ ಮೇಲಿದಾನೆ. ಇಂಥವ್ರ ಲೈಸೆನ್ಸ್ ಕಿತ್ಕೋಬೇಕು,” ಎಂದು ಬೈದರು. ನಾನೂ ಎರಡು ಬೈಗುಳ ಸೇರಿಸಿದೆ. ಸಂಸಾರ ಅಂದಮೇಲೆ ಅಷ್ಟಾದರೂ ಮಾಡಬೇಕು.

ಮುಂದಿನದನ್ನೆಲ್ಲ ಇವರೇ ನೋಡಿಕೊಂಡರು, ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಮೊದಲು ನಲವತ್ತು ಕಿಲೋಮೀಟರಿದ್ದ ಕಾರ್ಖಾನೆ ಮೀಟರಿನಲ್ಲಿ ಐವತ್ತಾಯಿತು. ರಸ್ತೆ ಅಗಲ ಮಾಡಿದ್ದಾರಲ್ಲ, ಅಗಲ ಮಾಡಿದರೆ ಉದ್ದವೂ ಒಂದಿಷ್ಟು ಹೆಚ್ಚುತ್ತದೆ ಎಂದರು. ಅಷ್ಟೇ ಡೀಸೆಲ್ಲಿಗೆ ಗಾಡಿ ಹೆಚ್ಚು ದೂರ ಓಡುತ್ತಿದೆ ಎಂದು ಬೀದಿಯಲ್ಲೆಲ್ಲ ಸಾರಿದರು. ಎಂಬತ್ತರಲ್ಲಿ ಬಂದರೂ ಅಂಗಡಿಗೆ ಬಂದು ಮುಟ್ಟುವಾಗ ತಡವಾಗಿರುತ್ತಿತ್ತು. ಅಂಗಡಿಯ ಗಡಿಯಾರ ಮುಂದೆ ಓಡುತ್ತಿದೆ ಎಂದು ಸ್ಟೂಲು ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರು. ತಮ್ಮ ಗಾಡಿಯ ಮೀಟರೊಂದನ್ನು ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲವನ್ನೂ ಅನುಮಾನಿಸಿದರು.

ಎರಡು ವರ್ಷ ಹೀಗೆ ಕಳೆಯಿತು. ದಾರಿಯಲ್ಲಿ ಒಂದು ಹಾಳೆ ಗಾಜೂ ಒಡೆಯಲಿಲ್ಲ. ಇವರು ಕಾರ್ಖಾನೆಗೆ ಹೋದ ದಿನವೂ ನನ್ನ ಗೆರೆ ನೆಟ್ಟಗೆ ಬರತೊಡಗಿತು. ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ ಎಂದು ಒಳಗೊಳಗೇ ಬೀಗಿದೆ.

ಆದರೆ ನಾನು ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಂಬತ್ತು ತೊಂಬತ್ತರಲ್ಲಿ ಕೈ ನಡುಗದೆ, ಬೆವರೊಡೆಯದೆ ಗಾಡಿ ಓಡಿಸುವ ಮನುಷ್ಯ ತನಗೆ ವಯಸ್ಸಾಗಿದೆ ಎಂದು ಯಾಕೆ ನಂಬುತ್ತಾನೆ?

ಒಂದು ಸಂಜೆ ಉಬ್ಬಿಕೊಂಡು ಅಂಗಡಿಗೆ ಬಂದರು. “ನಾನು ಮತ್ತೆ ಲಾರಿ ಹತ್ತುತ್ತಾ ಇದೀನಿ ಕಣೇ!”

ಹಿಂದೆ ಇವರ ಲಾರಿಯಲ್ಲಿ ಕ್ಲೀನರ್ ಆಗಿದ್ದವನು ಈಗ ಲಾರಿಗಳ ಮಾಲೀಕ. ದಾರಿಯಲ್ಲಿ ಸಿಕ್ಕಿದ್ದನಂತೆ. ದೂರದ ಸರ್ವೀಸಿಗೆ ಗಟ್ಟಿ ಡ್ರೈವರ್ ಬೇಕು, ನಿಮ್ಮಂಥವರು ಈಗ ಎಲ್ಲಿ ಸಿಗ್ತಾರೆ ಅಣ್ಣ ಎಂದನಂತೆ. ಒಮ್ಮೆ ಹೊರಟರೆ ವಾರ ಕಳೆದ ಮೇಲೇ ಮನೆ. ನಾಳೆಯೇ ಹೊಸ ಲಾರಿ ಓಡಿಸಿ ನೋಡಬೇಕಂತೆ.

“ಈ ವಯಸ್ಸಲ್ಲಿ ಯಾಕೆ ನಿಮಗೆ ಇದೆಲ್ಲ?” ಎಂದೆ.

“ಯಾವ ವಯಸ್ಸು? ಪ್ರಾಯದಲ್ಲೂ ಎಂಬತ್ತು ಮುಟ್ಟಿದ್ರೆ ಅಂಗೈ ಬೆವರ್ತಿತ್ತು. ಈಗ ನೋಡು, ಒಂದು ಹನಿ ಇಲ್ಲ!” ಎಂದು ಅಂಗೈ ನನ್ನ ಮುಖದ ಮುಂದೆ ಹಿಡಿದರು.

ಗಂಡ ನೆಟ್ಟಗೆ ಮನೆ ಸೇರಲಿ ಎಂದು ನಾನು ಹಾಕಿಸಿದ ಹಲ್ಲು ಅವರನ್ನು ಮನೆಯಿಂದಲೇ ಎಳೆದುಕೊಂಡು ಹೊರಟಿತ್ತು. ನಿಜ ಹೇಳಿದರೆ ಇವರ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ. ಹೇಳಿಯೇ ಬಿಡೋಣ ಎಂದು ಅಂಗಡಿಯ ಹಿಂದಿನ ಮನೆಯೊಳಗೆ ಹೋದೆ. ಇವರು ಟ್ರಂಕಿನ ತಳದಿಂದ ಹಳೆಯ ಖಾಕಿ ಅಂಗಿ ತೆಗೆದು, ಗುಂಡಿ ಹಾಕಿಕೊಳ್ಳಲು ಹೊಟ್ಟೆ ಒಳಕ್ಕೆಳೆದುಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಆ ಮುಖದಲ್ಲಿದ್ದ ಖುಷಿ ನೋಡಿ, ಗುಂಡಿಯನ್ನು ನಾನೇ ಹಾಕಿಕೊಟ್ಟೆ.

“ನಾಳೆ ನಾನೂ ಬರ್ತೀನಿ,” ಎಂದೆ ಅಷ್ಟೇ. “ಹೊಸ ಲಾರಿ ನೋಡ್ಬೇಕು.”

ಹೊಸ ಲಾರಿಯ ಕ್ಯಾಬಿನ್ನಿನಲ್ಲಿ ಸೀಟುಗಳ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಹಿಂದಿನ ಮಲಗುವ ಹಲಗೆಯ ಮೇಲೆ ನಾನು ಕೂತೆ. ಮಾಜಿ ಕ್ಲೀನರ್ ಇವರ ಪಕ್ಕದಲ್ಲಿ ಭಯಭಕ್ತಿಯಿಂದ ಕೂತ. ಲಾರಿ ಹೆದ್ದಾರಿಗೆ ಬಿತ್ತು. ಒಂದಷ್ಟು ವೇಗ ಬಂದ ಮೇಲೆ ಇವರು ಸಮಾಧಾನದಿಂದ ಬೆನ್ನು ಹಿಂದಕ್ಕೊರಗಿಸಿದರು. ಇವರ ಎಂಬತ್ತು ಬಂದಿತ್ತು. ಮೀಟರ್ ನೋಡಿದರು. ಅರವತ್ತೈದು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

“ಏನೋ ಇದು, ನಿನ್ನ ಲಾರಿ ಎಳೀತಾನೇ ಇಲ್ಲ?”

“ಖಾಲಿ ಲಾರಿ ಅಣ್ಣ. ಒತ್ತಿ, ಹೋಗುತ್ತೆ.”

ಒತ್ತಿದರು. ಎಪ್ಪತ್ತು ಬಂತು. ಬೆನ್ನು ಸೀಟು ಬಿಟ್ಟು ಮುಂದೆ ಬಂತು. ರಸ್ತೆ ಬದಿಯ ಮರಗಳು ಎರಡು ವರ್ಷದಿಂದ ಇವರು ಕಾಣದ ರಭಸದಲ್ಲಿ ಹಿಂದಕ್ಕೆ ಹೋಗುತ್ತಿದ್ದವು. ಎಪ್ಪತ್ತೈದು ಬಂತು. ಕತ್ತಿನ ಹಿಂದೆ ಬೆವರು ಇಳಿದು ಖಾಕಿ ಕಾಲರಿನೊಳಗೆ ಹೋಗುವುದು ನನಗೆ ಚೆನ್ನಾಗಿ ಕಾಣುತ್ತಿತ್ತು.

“ಬಂತು ಅಣ್ಣ, ಎಂಬತ್ತು!” ಎಂದು ಅವನು ಚಪ್ಪಾಳೆ ತಟ್ಟಿದ.

ಮುಂದೆ ಒಂದು ಸಣ್ಣ ತಿರುವು ಕಂಡಿತು. ಇವರು ಬ್ರೇಕ್ ಒತ್ತಿದರು. ಒತ್ತಿದ ಕಾಲನ್ನು ಲಾರಿ ರಸ್ತೆಯ ಪಕ್ಕಕ್ಕೆ ಬಂದು ಪೂರ್ತಿ ನಿಲ್ಲುವ ತನಕ ತೆಗೆಯಲಿಲ್ಲ.

“ನಿನ್ನ ಮೀಟರ್ ಕೆಟ್ಟಿದೆ,” ಎಂದರು.

“ಶೋರೂಮಿಂದ ಈಗ ತಾನೇ ಬಂದಿದೆ ಅಣ್ಣ!”

“ಹೊಸದಾದ್ರೆ ಸುಳ್ಳು ಹೇಳಲ್ವಾ? ನೂರರ ಮೇಲೆ ಹೋಗ್ತಿದೆ, ಎಂಬತ್ತು ಅಂತ ತೋರ್ಸ್ತಿದೆ. ಮೀಟರ್ ನೆಟ್ಟಗಿಲ್ಲದ ಗಾಡಿ ನಾನು ಮುಟ್ಟಲ್ಲ.”

ಅವನು ಕಣ್ಣರಳಿಸಿ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ. ವಾಪಸು ಬರುವಾಗ ಲಾರಿಯನ್ನು ಅವನೇ ಓಡಿಸಿದ.

ಅವನ ಆಫೀಸಿನ ಮುಂದೆ ನಿಲ್ಲಿಸಿದ್ದ ನಮ್ಮ ಪಿಕಪ್ಪಿನಲ್ಲಿ ಬಂದು ಕೂತೆವು. ಇವರು ಕೀಲಿ ಹಾಕಿದರು, ತಿರುಗಿಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು.

“ಹೆದರಿಕೆ ಆಯ್ತು ಕಣೇ,” ಎಂದರು.

ನಾನು ಗೆದ್ದಿದ್ದೆ. ಆದರೂ ಇಷ್ಟು ವರ್ಷ ನನ್ನ ತಲೆ ತಿಂದ ಎಂಬತ್ತಣ್ಣ ಆ ಬಿಗಿ ಅಂಗಿಯಲ್ಲಿ ಕುಗ್ಗಿ ಕೂತಿದ್ದನ್ನು ನೋಡಲಾಗಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಸಡಿಲ ಮಾಡಿದೆ. ಬೇಡ ಎನ್ನಲಿಲ್ಲ.

“ನಮ್ಮ ಗಾಡಿ ಮೀಟರ್ ಸರಿಯಾಗಿದ್ಯಾ?” ಎಂದು ಕೇಳಿದರು, ನನ್ನ ಕಡೆ ನೋಡದೆ.

ಆಟ ಆಡಿದ್ದು ಸಾಕು, ಹೇಳಿಬಿಡಬೇಕು ಅನ್ನಿಸಿತು.

“ನೋಡಿ, ಅವತ್ತು ಗ್ಯಾರೇಜಲ್ಲಿ ನೀವು ಟೀ ಕುಡಿಯೋಕೆ ಹೋದಾಗ…”

ಇವರು ಕೈ ಅಡ್ಡ ಹಿಡಿದರು. “ಬೇಡ. ಹೇಳ್ಬೇಡ.”

ಕೀಲಿ ತಿರುಗಿಸಿದರು.

“ಆ ಮೆಕ್ಯಾನಿಕ್‌ಗೆ ಹೇಳಿಬಿಡು,” ಎಂದರು. “ನಮ್ಮ ಗಾಡಿದು ಏನೂ ಮುಟ್ಟೋದು ಬೇಡ. ಹೇಗಿದ್ಯೋ ಹಾಗೇ ಇರ್ಲಿ.”

ಹೆದ್ದಾರಿಗೆ ಬಂದೆವು. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು. ಹಿಂದೆ ಯಾರೋ ಹಾರ್ನ್ ಹೊಡೆಯತೊಡಗಿದರು. ಕನ್ನಡಿಯಲ್ಲಿ ನೋಡಿದರೆ, ಅಡ್ಡಡ್ಡಲಾಗಿ ಏಣಿ ಕಟ್ಟಿಕೊಂಡ ಹಳೆಯ ಸ್ಕೂಟರು. ಇವರ ಬಾಯಿಂದ ಬೈಗುಳ ಬರಲಿ ಎಂದು ನಾನು ಕಾದೆ. ಇವರು ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡು, ಕಿಟಕಿಯಿಂದ ಕೈ ಹೊರಗೆ ಚಾಚಿ ದಾರಿ ತೋರಿಸಿದರು.

“ಹೋಗಪ್ಪ, ಹೋಗು,” ಎಂದರು. “ನಮಗೇನೂ ಅವಸರ ಇಲ್ಲ.”