ಮೂರನೆಯ ಈಡು

"ಇಲ್ಲೊಂದು ಹನಿ ಇದೆ ನೋಡು," ಎಂದ ರೋಲಂಡ್, ಮಂಡಿಯೂರಿ ಕುಳಿತವನು ತಲೆ ಎತ್ತದೆ.

ಒಣಗಿದ ಓಕ್ ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ. ರೋಲಂಡ್ ಜೇಬಿನಿಂದ ಕಿತ್ತಳೆ ಬಣ್ಣದ ಪಟ್ಟಿಯ ಸುರುಳಿ ತೆಗೆದು, ಒಂದು ತುಂಡು ಹರಿದು, ಪಕ್ಕದಲ್ಲಿ ಉರುಳಿಬಿದ್ದಿದ್ದ ಬರ್ಚ್ ಮರದ ರೆಂಬೆಗೆ ಕಟ್ಟಿದ. ಹಿಂದಿರುಗಿ ನೋಡಿದರೆ ಅವನ ಮಚಾನಿನಿಂದ ಇಲ್ಲಿಯವರೆಗೂ ಅಂಥ ತುಂಡುಗಳು ಗಾಳಿಗೆ ಅಲ್ಲಾಡುತ್ತಿದ್ದವು. ಬೆಳಕು ಹರಿಯುತ್ತಲೇ ಅವನು ಹೊಡೆದ ಗಂಡು ಜಿಂಕೆ ಅದು. ಈಡು ತಾಗಿತ್ತು, ಆದರೆ ಬೀಳದೆ ಓಡಿತ್ತು. ಕೊಂಬಿಗೆ ಹತ್ತು ಕವಲು ಎಂದು ರೋಲಂಡ್ ಕೈಯಗಲಿಸಿ ತೋರಿಸಿದಾಗ ಡೆಲ್ಮರ್, "ಒಳ್ಳೇದಾಯ್ತು ಬಿಡು," ಎಂದಿದ್ದ. ಹಾಗೆನ್ನುವಾಗ ಅವನ ಬಾಯೆಲ್ಲ ಕಹಿಯಾಗಿತ್ತು.

ಹಿಮ ಬಿದ್ದಿದ್ದರೆ ಯಾರು ಬೇಕಾದರೂ ಜಾಡು ಹಿಡಿಯಬಹುದಿತ್ತು. ಆ ವರ್ಷ ಬೇಟೆಯ ಮೊದಲ ದಿನ ಬಂದರೂ ವಿಸ್ಕಾನ್ಸಿನ್ನಿನ ಉತ್ತರದ ಕಾಡುಗಳಲ್ಲಿ ಹಿಮದ ಸುಳಿವಿರಲಿಲ್ಲ. ಎಲ್ಲೆಲ್ಲೂ ಕಂದು ಎಲೆ, ಕಂದು ಹುಲ್ಲು. ಅದರಲ್ಲಿ ರಕ್ತ ಹುಡುಕಲು ಡೆಲ್ಮರನೇ ಬೇಕು. ಇಬ್ಬರೂ ದುಡಿಯುತ್ತಿದ್ದ ಕಾಗದದ ಗಿರಣಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು ಅದು. ಯಾರ ಜಿಂಕೆ ತಪ್ಪಿಸಿಕೊಂಡರೂ ಮೊದಲು ಫೋನು ಹೋಗುತ್ತಿದ್ದದ್ದು ಅವನಿಗೆ.

"ನನ್ನ ಕಣ್ಣು ಇಲ್ಲಿಗೆ ಮುಗೀತು ಕಣೋ ಡೆಲ್. ಇನ್ನು ನಿನಗೆ ಬಿಟ್ಟಿದ್ದು," ಎಂದು ರೋಲಂಡ್ ಬರ್ಚ್ ಮರದ ಮೇಲೆ ಕುಳಿತು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ. ಡೆಲ್ಮರ್ ಅವನಿಂದ ಪಟ್ಟಿಯ ಒಂದು ತುಂಡು ಇಸಿದುಕೊಂಡು ಜೇಬಿಗೆ ಹಾಕಿ, ಬಾಗಿಕೊಂಡು ಮುಂದೆ ಹೋದ.

ರೋಲಂಡನಿಗೆ ಈ ನೆಲ ತನ್ನದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಡೆಲ್ಮರ್ ಇಲ್ಲಿ ಓಡಾಡತೊಡಗಿದ್ದು ಮೀಸೆ ಮೂಡುವ ಮೊದಲು. ಆಗ ಇದು ಹೆಡ್ವಿಗ್ ಮುದುಕಿಯ ನಲವತ್ತು ಎಕರೆ. ಒಂದು ಹಳೆಯ ಮನೆ, ಒಂದು ತೊರೆ, ತೊರೆಯ ಆಚೆಗೆ ಸೀಡರ್ ಮರಗಳ ಜವುಗು, ಈಚೆಗೆ ಒಂದು ದಿಬ್ಬ. ಗಂಡ ಸತ್ತ ಮೇಲೆ ಅವಳಿಗೆ ಪ್ರತಿ ಚಳಿಗಾಲ ಸೌದೆ ಒಡೆದು ಕೊಟ್ಟವನು ಡೆಲ್ಮರ್, ಮೊದಲ ಜಿಂಕೆಯ ಸಾಸೇಜು ತಂದುಕೊಟ್ಟವನು ಡೆಲ್ಮರ್. ಅದಕ್ಕೆ ಪ್ರತಿಯಾಗಿ ಬೇಟೆಗೆ ಅವಳ ಅಪ್ಪಣೆ. ಗೆಳೆಯನೆಂದು ರೋಲಂಡನನ್ನು ಮೊದಲ ಸಲ ಕೈಹಿಡಿದು ಕರೆತಂದವನೂ ಅವನೇ. ಈಗ ಅದನ್ನು ನೆನೆದರೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತಿತ್ತು.

ಗಿರಣಿಯಿಂದ ನಿವೃತ್ತನಾದ ಮೇಲೆ ಆ ದಿಬ್ಬದ ಮೇಲೆ ಒಂದು ಕ್ಯಾಬಿನ್ ಕಟ್ಟಿಸಬೇಕು, ಕಿಟಕಿ ಜವುಗಿನ ಕಡೆಗಿರಬೇಕು, ಕಾಫಿ ಹೀರುತ್ತ ನೀರಿಗಿಳಿಯುವ ಜಿಂಕೆ ನೋಡಬೇಕು. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಹೆಂಡತಿ ಮಾರ್ಲಿಸ್ ಒಲೆ ಯಾವ ಮೂಲೆಗೆ, ಬೂಟು ಬಿಡುವುದೆಲ್ಲಿ ಎಂದು ಕೂಡ ತೀರ್ಮಾನ ಮಾಡಿಬಿಟ್ಟಿದ್ದಳು. ಮಾರುವುದಾದರೆ ಮೊದಲು ನಿನಗೇ ಎಂದು ಕೊಟ್ಟಿದ್ದ ಮಾತಿಗೆ ಮುದುಕಿ ತಪ್ಪಲಿಲ್ಲ. ಮಾರುವ ಯೋಚನೆ ಬಂದ ದಿನವೇ ಅವನನ್ನು ಕರೆದು, ಬೇರೆ ಯಾರಿಗೂ ಹೇಳಿಲ್ಲ, ಕ್ರಿಸ್ಮಸ್ ಒಳಗೆ ತಿಳಿಸು ಎಂದಳು. ಡೆಲ್ಮರ್ ತಿಳಿಸಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿಕೊಂಡರೆ ಈ ಮೂಲೆಗೆ ಬರುವವರಾರು, ಮುದುಕಿ ತಾನಾಗಿ ಬೆಲೆ ಇಳಿಸುತ್ತಾಳೆ ಎಂದು ಅವನ ಲೆಕ್ಕ. ಆ ಜಾಣತನವನ್ನು ಗಿರಣಿಯ ಊಟದ ಮೇಜಿನಲ್ಲಿ ರೋಲಂಡನ ಮುಂದೆ ಕೊಚ್ಚಿಕೊಂಡಿದ್ದ ಕೂಡ. ತಗೊಳ್ಳುತ್ತೀಯಾ ಇಲ್ಲವಾ ಎಂದು ರೋಲಂಡ್ ಮತ್ತೆ ಮತ್ತೆ ಕೇಳಿದ. ನೋಡೋಣ ಎಂದು ಇವನು ಮತ್ತೆ ಮತ್ತೆ ಹೇಳಿದ. ಫೆಬ್ರವರಿಯಲ್ಲಿ ಮುದುಕಿ ಕೇಳಿದ ಬೆಲೆಯನ್ನೇ ಕೊಟ್ಟು ರೋಲಂಡ್ ಪತ್ರ ಮಾಡಿಸಿಕೊಂಡ.

ಮೋಸ ಮಾಡಿದ ಎನ್ನುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಪತ್ರವಾದ ದಿನ ಸಂಜೆಯೇ ರೋಲಂಡ್ ಮನೆಗೆ ಬಂದು, "ನಿನಗೆ ಬೇಡವೇನೋ ಅಂದ್ಕೊಂಡೆ ಕಣೋ. ಹೊರಗಿನವರ ಪಾಲಾಗೋದಕ್ಕಿಂತ ವಾಸಿ ಅಂತ ತಗೊಂಡೆ. ದಿಬ್ಬ ನಿಂದೇ, ಕ್ಯಾಬಿನ್ ಕಟ್ಕೋ," ಎಂದಿದ್ದ. ಮಾರ್ಲಿಸ್ ಕಣ್ಣಿಗೆ ನೀರು ತಂದುಕೊಂಡು ಅವನನ್ನು ಅಪ್ಪಿಕೊಂಡಳು. ಡೆಲ್ಮರನಿಗೆ ಮಾತ್ರ ಭಿಕ್ಷೆ ಹಾಕಿಸಿಕೊಂಡ ಹಾಗಾಯಿತು. ಆವತ್ತಿನಿಂದ ರೋಲಂಡನ ಹೊಸ ಗೇಟು, ರೋಲಂಡ್ ಜಿಂಕೆಗೆಂದು ಬಿತ್ತಿದ ಕ್ಲೋವರ್ ಹುಲ್ಲು, ಆ ಹುಲ್ಲು ಸೊಂಪಾಗಿ ಎದ್ದದ್ದು, ಒಂದೊಂದೂ ಅವನ ಹೊಟ್ಟೆಗೆ ಕೆಂಡ ಸುರಿಯಿತು. ತಾನು ಬಿತ್ತಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಎಂದು ರಾತ್ರಿ ಹೊರಳಾಡುತ್ತಿದ್ದ.

ಜವುಗಿನ ಅಂಚಿಗೆ ಬಂದಾಗ ಅವನಿಗೆ ರಕ್ತ ಕಂಡಿತು. ಬಾಗಿದ ಜರಿಗಿಡದ ಎಲೆಯ ಮೇಲೆ ಅಂಗೈಯಗಲ, ಕಪ್ಪುಗೆಂಪು. ಜಿಂಕೆ ಇಲ್ಲಿ ನಿಂತು ಸುಧಾರಿಸಿಕೊಂಡು ಸೀಡರ್ ಮರಗಳ ಒಳಗೆ ನುಗ್ಗಿದೆ. ಇಷ್ಟು ರಕ್ತ ಬಿಟ್ಟ ಪ್ರಾಣಿ ಹೆಚ್ಚು ದೂರ ಹೋಗುವುದಿಲ್ಲ. ಕರೆಯಲು ಅವನು ಬಾಯಿ ತೆರೆದ. ಆಗ ಅವನ ಕಣ್ಣ ಮುಂದೆ ಬಂದದ್ದು ಹೆಡ್ವಿಗ್ ಮುದುಕಿಯ ಹಳೇ ಮನೆಯ ಗೋಡೆ, ಗೋಡೆಯ ಮೇಲೆ ಆ ಹತ್ತು ಕವಲಿನ ತಲೆ, ಅದರ ಕೆಳಗೆ ಕಾಲು ಚಾಚಿ ಕುಳಿತ ರೋಲಂಡ್, ನೋಡಲು ಬರುವ ಗಿರಣಿಯ ಜನ. ಎಷ್ಟು ವರ್ಷ ಇದೇ ಕಾಡಿನಲ್ಲಿ ನಡುಗುತ್ತ ಕುಳಿತರೂ ತನಗೆ ಅಂಥದ್ದೊಂದು ಸಿಕ್ಕಿರಲಿಲ್ಲ.

"ಏನಾದ್ರೂ ಕಾಣ್ತಾ?" ರೋಲಂಡ್ ಬರ್ಚ್ ಮರದಿಂದ ಎದ್ದು ಬರುತ್ತಿದ್ದ.

ಡೆಲ್ಮರ್ ಬೂಟುಗಾಲನ್ನು ಜರಿ ಎಲೆಯ ಮೇಲಿಟ್ಟು ಭಾರ ಬಿಟ್ಟ. ಎಲೆ ಸದ್ದಿಲ್ಲದೆ ಕೆಸರಿಗಿಳಿಯಿತು.

"ಏನಿಲ್ಲ. ಈ ಕಡೆ ಬಂದೇ ಇಲ್ಲ. ರಸ್ತೆ ಕಡೆ ತಿರುಗಿದೆ," ಎಂದ.

ರೋಲಂಡ್ ಇನ್ನೊಂದು ಮಾತು ಕೇಳಲಿಲ್ಲ. ಡೆಲ್ ಹೇಳಿದ ಮೇಲೆ ಮುಗಿಯಿತು. ರಸ್ತೆಯ ಕಡೆಗೆ ಹೊರಟರು, ಸ್ವಲ್ಪ ದೂರ ಹೋಗಿ ಬೇರೆ ಬೇರೆಯಾದರು. ಯಾರಿಗೆ ಸಿಕ್ಕರೂ ಮೂರು ಈಡು ಹೊಡೆಯಬೇಕೆಂದು ಮಾತಾಯಿತು. ಆ ಕಡೆಯ ಕಾಡುಗಳಲ್ಲಿ ಅದು ಮೊದಲಿನಿಂದ ಬಂದ ಪದ್ಧತಿ. ಬೇಟೆಯ ದಿನಗಳಲ್ಲಿ ಒಂದು ಎರಡು ಈಡು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಸಮನಾಗಿ ಬಿಟ್ಟು ಬಿಟ್ಟು ಮೂರು ಕೇಳಿದರೆ ಯಾರೋ ಕರೆಯುತ್ತಿದ್ದಾರೆಂದು ಅರ್ಥ. ಡೆಲ್ಮರ್ ಮಧ್ಯಾಹ್ನದವರೆಗೆ ಒಣ ಎಲೆ ಒದೆಯುತ್ತ ಹುಡುಕುವ ನಾಟಕವಾಡಿದ. ಒಳಗೊಳಗೆ ಖುಷಿಯಾಗಿದ್ದದ್ದು ನಿಜ.

ಸಂಜೆ, ಈಗ ರೋಲಂಡನದಾಗಿದ್ದ ಮುದುಕಿಯ ಮನೆಯ ಅಡುಗೆಮನೆಯಲ್ಲಿ ಇಬ್ಬರೂ ಬೂಟು ಬಿಚ್ಚಿ ಕುಳಿತರು. ರೋಲಂಡ್ ಮುಟ್ಟದೆ ಬಿಟ್ಟ ಸೂಪಿನ ಮೇಲೆ ಕೆನೆಗಟ್ಟಿತ್ತು. ಕೊಂಬಿನ ಮಾತನ್ನೇ ಅವನು ಎತ್ತಲಿಲ್ಲ. ಎಲ್ಲೋ ಬಿದ್ದು ನರಳುತ್ತಿರಬಹುದಲ್ಲ, ನಾನು ಇನ್ನೊಂದು ಗಳಿಗೆ ಕಾದು ಗುರಿಯಿಡಬೇಕಿತ್ತು ಎಂದು ಅದನ್ನೇ ಹೇಳಿದ. ಆಮೇಲೆ ಎದ್ದು, ಜಾಕೆಟ್ಟಿನ ಬೆನ್ನಿನಿಂದ ಆ ವರ್ಷದ ಒಂದು ಜಿಂಕೆಗೆ ಸಿಕ್ಕ ಪರವಾನಗಿ ಚೀಟಿ ಬಿಚ್ಚಿ, ಎರಡಾಗಿ ಹರಿದು ಒಲೆಗೆ ಹಾಕಿದ.

"ಹುಚ್ಚು ಹಿಡಿದಿದೆಯಾ ನಿನಗೆ? ಮೊದಲನೇ ದಿನ ಕಣೋ ಇವತ್ತು," ಎಂದ ಡೆಲ್ಮರ್.

"ಸಿಗದೇ ಇದ್ರೂ ಕೊಂದಿದ್ದು ಕೊಂದಿದ್ದೇ ತಾನೇ? ನನ್ನ ಪಾಲಿಂದು ಮುಗೀತು. ನಾಳೆಯಿಂದ ನನ್ನ ಮಚಾನಲ್ಲಿ ನೀನು ಕೂತ್ಕೋ. ಅಲ್ಲಿಂದ ದಿಬ್ಬ ಕಾಣುತ್ತೆ, ಗೂಟ ಹೊಡೆದಿದ್ದೀನಿ, ನೋಡಿ ಹೇಳು. ಇಷ್ಟ ಆಗದಿದ್ರೆ ಕಿತ್ತು ಬೇರೆ ಕಡೆ ಹೊಡೆಯೋಣ."

ಮನೆಗೆ ಹೋದ ಡೆಲ್ಮರ್ ಜಿಂಕೆ ಸಿಗಲಿಲ್ಲವೆಂದಷ್ಟೇ ಹೇಳಿದ. ಪಾಪ ರೋಲಂಡ್ ಎಂದಳು ಮಾರ್ಲಿಸ್. ಆ ಮಾತಿಗೂ ಅವನ ಮೈ ಉರಿಯಿತು. ಜಿಂಕೆ ಕಳೆದುಕೊಂಡರೂ ಪಾಪ ಅವನೇ, ಚೀಟಿ ಹರಿದು ದೊಡ್ಡವನಾದವನೂ ಅವನೇ. ಈ ಹೊತ್ತಿಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಿರುತ್ತಾನೆ ಎಂದುಕೊಂಡ. ನೆಲ ಹೋಯಿತು, ನಿದ್ದೆಯೂ ಅವನ ಪಾಲೇ ಎಂದರೆ ಹೇಗೆ?

ಮರುದಿನ ಬೆಳಿಗ್ಗೆ ಡೆಲ್ಮರ್ ರೋಲಂಡನ ಮಚಾನು ಏರಿದ. ಹೊಸ ಹಲಗೆ, ಗಾಳಿ ತಡೆಯಲು ಗೋಡೆ, ಕೂರಲು ಹಳೇ ಕಾರಿನ ಮೆತ್ತನೆಯ ಸೀಟು. ತಾನು ಇಷ್ಟು ಕಾಲ ಕುಳಿತದ್ದು ಓಕ್ ಮರದ ಕವಲಿನಲ್ಲಿ. ಬೆಳಕಾದಾಗ ದಿಬ್ಬ ಕಂಡಿತು. ನಾಲ್ಕು ಮೂಲೆಗೆ ನಾಲ್ಕು ಗೂಟ, ಗೂಟಗಳ ತಲೆಗೆ ಅದೇ ಕಿತ್ತಳೆ ಪಟ್ಟಿ. ಉದ್ದದ ಮಗ್ಗುಲನ್ನು ರೋಲಂಡ್ ಜವುಗಿಗೆ ಎದುರಾಗಿ ಇಟ್ಟಿದ್ದ. ಕಿಟಕಿಯ ಮಾತು ಅವನಿಗೆ ನೆನಪಿತ್ತು. ಡೆಲ್ಮರ್ ಬಹಳ ಹೊತ್ತು ನೋಡಿದ. ಎಷ್ಟು ನೋಡಿದರೂ ಅದು ಇನ್ನೊಬ್ಬನ ನೆಲದಲ್ಲಿ ಹೊಡೆದ ಗೂಟವಾಗಿಯೇ ಕಂಡಿತು.

ಆಗ ಕಾಡುಕಾಗೆಗಳು ಬಂದವು. ಮೊದಲು ಒಂದು, ಅದರ ಕೂಗಿಗೆ ಮತ್ತೆರಡು, ಆಮೇಲೆ ಹಿಂಡು. ಸೀಡರ್ ಮರಗಳ ಮೇಲೆ ಸುತ್ತು ಹಾಕಿ ಒಂದೊಂದಾಗಿ ಜವುಗಿಗೆ ಇಳಿದವು. ಇನ್ನೊಂದು ಮಗ್ಗುಲಲ್ಲಿ, ರಸ್ತೆಯ ಬದಿಯ ಪೊದೆಗಳ ನಡುವೆ, ಕಿತ್ತಳೆ ಟೋಪಿಯೊಂದು ಬಾಗಿ ಬಾಗಿ ಚಲಿಸುತ್ತಿತ್ತು. ರೋಲಂಡ್. ಕೋವಿಯಿಲ್ಲದೆ ಬರಿಗೈಯಲ್ಲಿ ಬಂದು ಇನ್ನೂ ಹುಡುಕುತ್ತಿದ್ದಾನೆ. ಅವನಿದ್ದ ಕಡೆಯಿಂದ ಗಾಳಿ ಬೀಸುತ್ತಿತ್ತು, ಕಾಗೆಯ ಕೂಗು ಅವನಿಗೆ ಕೇಳುವಂತಿರಲಿಲ್ಲ. ಪ್ರತಿ ಹೆಜ್ಜೆಗೂ ಜಿಂಕೆಯಿಂದ ದೂರವಾಗುತ್ತ, ಡೆಲ್ ಬೆರಳು ಮಾಡಿದ ದಿಕ್ಕಿಗೇ ಹೋಗುತ್ತಿದ್ದ.

ಡೆಲ್ಮರ್ ಇಳಿದು ಜವುಗಿಗೆ ಹೋದ. ಜಿಂಕೆ ಸೀಡರಿನ ಬೇರಿನ ಮೇಲೆ ಕುತ್ತಿಗೆ ಚಾಚಿ ಬಿದ್ದಿತ್ತು. ಜರಿಗಿಡದಿಂದ ಅಲ್ಲಿಗೆ ಕಲ್ಲೆಸೆಯುವಷ್ಟು ದೂರವೂ ಇಲ್ಲ. ಹಿಂಭಾಗವನ್ನು ರಾತ್ರಿ ತೋಳಗಳು ತಿಂದಿದ್ದವು, ಕಣ್ಣನ್ನು ಕಾಗೆ ಕಿತ್ತಿತ್ತು. ಕೊಂಬು ಮಾತ್ರ ರೋಲಂಡ್ ಹೇಳಿದ ಹಾಗೆಯೇ ಇತ್ತು, ಇನ್ನೂ ಚೆನ್ನಾಗಿತ್ತು. ಅದನ್ನು ಕಂಡು ಡೆಲ್ಮರನಿಗೆ ಈಗಲೂ ಹೊಟ್ಟೆ ಉರಿಯಿತು, ಅದಕ್ಕೆ ತನಗೇ ನಾಚಿಕೆಯಾಗಿ ಅಲ್ಲೇ ಕುಳಿತ.

ಸುಮ್ಮನೆ ಹೋಗಿಬಿಡಬಹುದಿತ್ತು. ಒಂದೆರಡು ದಿನದಲ್ಲಿ ಮಾಂಸವೆಲ್ಲ ಹೋಗುತ್ತದೆ, ಹಿಮ ಬೀಳುತ್ತದೆ. ವಸಂತದಲ್ಲಿ ಕ್ಯಾಬಿನ್ ಏಳುತ್ತದೆ, ಕಿಟಕಿ ತೆರೆದರೆ ಇದೇ ಜವುಗು. ಕಾಫಿ ಹೀರುತ್ತ ಪಕ್ಕದಲ್ಲಿ ಕೂರುವವನು ರೋಲಂಡ್. ಅವನು ಪ್ರತಿ ವರ್ಷ, ಆ ಜಿಂಕೆ ಎಲ್ಲಿ ಹೋಯಿತೋ ಏನೋ ಎನ್ನುತ್ತಾನೆ. ತಾನು ಪ್ರತಿ ವರ್ಷ ರಸ್ತೆಯ ಕಡೆ ಎನ್ನಬೇಕು.

ಅವನು ಎದ್ದು ಕೋವಿಯನ್ನು ಕೆಸರಿನ ದಂಡೆಗೆ ಹಿಡಿದು ಒಂದು ಈಡು ಹೊಡೆದ. ಕಾಗೆಗಳು ಗಲಾಟೆ ಮಾಡುತ್ತ ಎದ್ದವು. ಎರಡನೆಯದು ಹೊಡೆದ. ರಸ್ತೆಯ ಬದಿಯಲ್ಲಿ ಕಿತ್ತಳೆ ಟೋಪಿ ನಿಂತುಬಿಟ್ಟದ್ದು ಮರಗಳ ಸಂದಿಯಲ್ಲಿ ಕಂಡಿತು. ರೋಲಂಡ್ ಕಾಯುತ್ತಿದ್ದ. ಇಲ್ಲಿಗೆ ನಿಲ್ಲಿಸಿದರೆ ಯಾವುದೋ ಜಿಂಕೆಗೆ ಎರಡು ಈಡು ಎಂದು ತಿಳಿದು ಮತ್ತೆ ಪೊದೆಗೆ ಬಾಗುತ್ತಾನೆ. ಡೆಲ್ಮರನ ಬೆರಳು ಕೋವಿಯ ಕುದುರೆಯ ಮೇಲೆ ಮರಗಟ್ಟಿತ್ತು.

ಮೂರನೆಯದಕ್ಕೆ ರೋಲಂಡ್ ಓಡಲು ಶುರುಮಾಡಿದ. ಎಳೆಯ ಹುಡುಗರ ಹಾಗೆ ಕೈ ಮೇಲೆತ್ತಿಕೊಂಡು, ದಿಬ್ಬದ ಗೂಟಗಳ ನಡುವೆ ಹಾದು, ತೊರೆಯಲ್ಲಿ ಬೂಟು ತೋಯಿಸಿಕೊಂಡು ಓಡಿ ಬಂದ. "ಸಿಕ್ತಾ? ಸಿಕ್ತೇನೋ ಡೆಲ್?" ಎಂಬ ಕೂಗು ಹತ್ತಿರ ಹತ್ತಿರವಾಯಿತು. ಅಷ್ಟರಲ್ಲಿ ಡೆಲ್ಮರ್ ಜವುಗಿನ ಅಂಚಿಗೆ ಬಂದು ನಿಂತಿದ್ದ. ಜೇಬಿನಲ್ಲಿ ಉಳಿದಿದ್ದ ಪಟ್ಟಿಯ ತುಂಡನ್ನು ಜರಿಗಿಡಕ್ಕೆ ಕಟ್ಟಿದ. ಬರ್ಚ್ ಮರದ ಪಟ್ಟಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ರೋಲಂಡ್ ಏದುಸಿರು ಬಿಡುತ್ತ ಬಂದು ಅವನ ಹೆಗಲು ಹಿಡಿದ. ಸೀಡರ್ ಮರದ ಬುಡದಲ್ಲಿ ಕೊಂಬು ಕಂಡು ನಕ್ಕ. ನಗುತ್ತಲೇ ಹೊಸ ಪಟ್ಟಿಯ ಕಡೆ ನೋಡಿದ, ಹಿಂದಿರುಗಿ ಬರ್ಚ್ ಮರದ ಕಡೆ ನೋಡಿದ. ಆಮೇಲೆ ಬಾಗಿ ಕೆಸರಿನಲ್ಲಿ ಹೂತಿದ್ದ, ರಕ್ತದ ಕಲೆಯ ಜರಿ ಎಲೆಯನ್ನು ಮೆಲ್ಲಗೆ ಎತ್ತಿದ. ಅದರ ಕೆಳಗೆ ಬೂಟಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ನೀರು ಒಸರಿ ನಿಧಾನವಾಗಿ ಅದನ್ನು ತುಂಬತೊಡಗಿತು. ತುಂಬುವವರೆಗೂ ರೋಲಂಡ್ ಎಲೆ ಹಿಡಿದುಕೊಂಡು ಕುಕ್ಕರಗಾಲಿನಲ್ಲೇ ಕುಳಿತಿದ್ದ.