ಸಾಹೇಬರ ಕತ್ತರಿ

"ತಡೀರಿ ಅಕ್ಕಾರ, ಕತ್ತರಿ ಕೆಳಗಿಡ್ರಿ!" ಬಾಳಾಸಾಹೇಬ ಮೋಟಾರ್ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ.

ಪೂನಮಳ ತಲೆ ಕಾಶವ್ವನ ತೊಡೆಯ ಮೇಲಿತ್ತು. ಹನ್ನೆರಡರ ಹುಡುಗಿ, ಕೂದಲು ಗಂಟುಗಟ್ಟಿ ಜಡೆಯಾಗಿತ್ತು. ಹಾಗಾದರೆ ದೇವಿ ಎಲ್ಲಮ್ಮ ಮೈಮೇಲೆ ಬಂದಳೆಂದೇ ಊರವರ ಲೆಕ್ಕ. ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಾರೆ, ಆಮೇಲೆ ಮದುವೆಯೂ ಇಲ್ಲ, ಶಾಲೆಯೂ ಇಲ್ಲ. ಹಲಸಿಯ ಆಚೆಯ ಆ ಊರಿನಲ್ಲಿ ಕಾಶವ್ವ ಎಣ್ಣೆ ಬಾಟಲಿ, ಕತ್ತರಿ ಹಿಡಿದು ಮನೆಮನೆ ತಿರುಗಿ ಏಳು ಹೆಣ್ಣುಮಕ್ಕಳ ಜಡೆ ತೆಗೆದಿದ್ದಳು. ಬೈಸಿಕೊಂಡಿದ್ದಳು, ಉಗುಳಿಸಿಕೊಂಡಿದ್ದಳು. ಆಗ ಒಬ್ಬ ಪುಢಾರಿಯಾದರೂ ಹಣಿಕಿ ಹಾಕಿದ್ದರೆ ಕೇಳಿ! ಪೂನಮಳ ಅಜ್ಜಿ ಸತ್ಯವ್ವನನ್ನು ಒಪ್ಪಿಸುವುದಕ್ಕಂತೂ ಮೂರು ತಿಂಗಳು ಹಿಡಿದಿತ್ತು.

ಬಾಳಾಸಾಹೇಬ ಮಂತ್ರಿಯ ಪಕ್ಷದವನು. "ಬರೋ ಸೋಮವಾರ ಬೆಳಗಾವ್ಯಾಗ ಫಂಕ್ಷನ್ ಐತ್ರಿ. ಮಂತ್ರಿ ಸಾಹೇಬ್ರು ತಮ್ಮ ಕೈಲೇ ಜಡಿ ಕತ್ತರಸ್ತಾರ. ನಿಮ್ಮೂರಾಗ ಉಳದದ್ದು ಇದೊಂದ. ಅವರು ಕತ್ತರಿಸಿದ್ರ ಇಡೀ ತಾಲೂಕಿನ ಅಂಜಿಕಿ ಹೋಕ್ಕೈತಿ, ಖರೇ ಹೌದಲ್ರಿ?"

ಖರೇ ಅನ್ನಿಸಿತು ಕಾಶವ್ವನಿಗೆ. ಅಲ್ಲೇ ಎಡವಿದಳು. ಏಳು ಜಡೆ ತೆಗೆದ ಕೈಗೆ ಎಂಟನೆಯದಕ್ಕೆ ಮಂತ್ರಿ ಯಾಕೆ ಬೇಕಿತ್ತು?

"ಅತ್ತಿ, ಇವತ್ತ ತಗೀತೀನಿ ಅಂದಿದ್ದಿ," ಎಂದಳು ಪೂನಮ. "ಸಾಲ್ಯಾಗ ನನ್ನ ಬಾಜೂಕ ಯಾರೂ ಕುಂದ್ರವಲ್ರು."

"ಎಂಟ ದಿನ ತಡಿ, ನನ್ನವ್ವ."

ಆ ಸೋಮವಾರ ಮಂತ್ರಿ ಸಾಹೇಬರು ದಿಲ್ಲಿಗೆ ಹೋದರು. ಮುಂದಿನ ಸೋಮವಾರ ಯಾರದೋ ಮದುವೆ. ಆಮೇಲೆ ಸಭಾಂಗಣ ಸಿಗಲಿಲ್ಲ. ಅಷ್ಟರಲ್ಲಿ ಹುಡುಗಿಗೆ ಜ್ವರ ಬಂತು. "ದೇವಿಗಿ ಕತ್ತರಿ ತೋರಿಸಿ ಹಂಗ ಬಿಟ್ಟಿ, ಆಕಿ ಸಿಟ್ಟಾಗ್ಯಾಳ," ಎಂದಳು ಸತ್ಯವ್ವ. ಹುಣ್ಣಿಮೆಯ ದಿನ ಗುಟ್ಟಾಗಿ ಮೊಮ್ಮಗಳ ಕೊರಳಿಗೆ ಮುತ್ತು ಕಟ್ಟಿಸಿಯೇಬಿಟ್ಟಳು. ಕಾಶವ್ವನಿಗೆ ಗೊತ್ತಾಗಿದ್ದು ಮೂರನೆಯ ದಿನ.

ಫಂಕ್ಷನ್ ನಡೆದದ್ದು ಅದರ ಮರುವಾರ. ಕರೆಯಲು ಜೀಪು ಬಂದಾಗ ಸತ್ಯವ್ವ ತಕರಾರು ಮಾಡಲಿಲ್ಲ. "ದೇವಿ ಪಾಲು ದೇವಿಗಿ ಮುಟ್ಟೈತಿ. ಕೂದಲಾ ಬೇಕಾದ್ರ ಒಯ್ರಿ," ಎಂದು ತಾನೂ ಜೀಪು ಹತ್ತಿದಳು.

ವೇದಿಕೆಯ ಹಿಂದೆ ಕಾಶವ್ವ ಬಾಳಾಸಾಹೇಬನ ತೋಳು ಹಿಡಿದು ನಿಲ್ಲಿಸಿದಳು. "ಹುಡುಗಿಗಿ ಮುತ್ತು ಕಟ್ಟ್ಯಾರೋ! ನಿಮ್ಮ ಸಾಹೇಬ್ರಿಗಿ ಹೇಳು, ಮದಲ ಅದನ್ನ ಹರೀಲಿ."

ಅವನು ಅತ್ತಿತ್ತ ನೋಡಿದ. "ಈಗ ಬ್ಯಾಡ್ರಿ ಅಕ್ಕಾರ, ಪೇಪರಿನವರು ಬಂದಾರ, ಎಲ್ಲಾ ಕೆಡತೈತಿ," ಎಂದು ಸನ್ಮಾನಕ್ಕೆ ತಂದಿದ್ದ ಶಾಲೊಂದನ್ನು ಎಳೆದು ಪೂನಮಳ ಕೊರಳಿಗೆ ಬಿಗಿಯಾಗಿ ಸುತ್ತಿದ.

ಸಾಹೇಬರು ರಿಬ್ಬನ್ ಕಟ್ಟಿದ ಕತ್ತರಿಯಿಂದ ಜಡೆ ಕತ್ತರಿಸಿ, ಎತ್ತಿ ಹಿಡಿದು ತೋರಿಸಿದರು. ಫೋಟೋದವರು ಮುಗಿಬಿದ್ದರು. ಹೊಸ ಶತಮಾನದಲ್ಲಿ ಈ ಅನಿಷ್ಟ ಇಂದಿಗೆ ಮುಗಿಯಿತು ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತ ಕಾಶವ್ವನಿಗೆ ಸಿಟ್ಟು ಬಂತು. ಸಾಹೇಬರ ಮೇಲಲ್ಲ, ತನ್ನ ಮೇಲೆಯೇ.

ಹೊರಳಿ ಬರುವಾಗ ಜೀಪು ಇರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತರು. ಪೂನಮ ಹಗುರಾದ ತಲೆಯನ್ನು ಮತ್ತೆ ಮತ್ತೆ ಸವರಿಕೊಂಡಳು.

"ಅತ್ತಿ, ಇನ್ನ ಸಾಲ್ಯಾಗ ನನ್ನ ಬಾಜೂಕ ಕುಂದರ್ತಾರಲ್ಲ?"

ಕಾಶವ್ವ ಚೀಲದೊಳಗಿನ ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸತ್ಯವ್ವ ಮೊಮ್ಮಗಳ ಶಾಲು ಬಿಚ್ಚಿ ಮಡಚಿಟ್ಟು, ಒಳಗೆ ಸೇರಿದ್ದ ಕೆಂಪು-ಬಿಳಿ ಮುತ್ತಿನ ಸರವನ್ನು ಅಂಗಿಯ ಮೇಲೆ ಎತ್ತಿ ಹಾಕಿದಳು.