ಹುಕ್ಕಿನ ಮೇಲಿನ ನಾಲ್ಕನೆಯ ಗೆರೆ

ಕಿತ್ತಳೆ, ಇಷ್ಟು ಕಪ್ಪು ಮಣ್ಣಿನ ಮೇಲೆ ಇಷ್ಟೊಂದು ಕಿತ್ತಳೆ, ಕಾದ ಎಣ್ಣೆಗೆ ಬಿಟ್ಟ ಜಿಲೇಬಿ ಹಿಟ್ಟಿನ ಹಾಗೆ ಹಗ್ಗ ಎರೆಮಣ್ಣಿನ ಮೇಲೆ ಸುತ್ತಿಸುತ್ತಿ ಬಿದ್ದಿದೆ, ವೈನಿ ಅದನ್ನು ಕಾಲಿನಿಂದ ಸರಿಸಿ ಇನ್ನಷ್ಟು ಸಡಿಲ ಮಾಡುತ್ತಿದ್ದಾಳೆ, ಪೈಜಾಮ ಮೊಣಕಾಲಿನವರೆಗೆ ಮಡಚಿ, ನನ್ನ ಅಣ್ಣನ ಹೆಂಡತಿ, ಯಡ್ರಾಮಿಯ ಬಸವೇಶ್ವರಿ, ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಹೊಲದ ನಡುವೆ ನಿಂತು ಅಪ್ಪನಿಗೆ ಪಾಠ ಹೇಳುತ್ತಾಳೆ — ಮಾವಾ, ಸರಪಳಿ ಆದ್ರ ಬಿಗೀ ಇರಬೇಕ್ರಿ, ಇದು ಹಂಗಲ್ರಿ, ಇದು ಹಿಗ್ಗತದ, ಹಿಗ್ಗಿ ಮತ್ತ ಕುಗ್ಗೂಮುಂದ ತಾನಾ ಗಾಡಿನ ಜಗ್ಗತದ, ಅದಕ್ಕ ಸಡಿಲ ಬಿಡಬೇಕ್ರಿ — ಅದು ನನ್ನ ಮಾತು, ಹಿಗ್ಗುವುದು ಕುಗ್ಗುವುದು ಎರಡೂ ನನ್ನವು, ಮೊಬೈಲಿನಲ್ಲಿ ಮರಳಿನಲ್ಲಿ ಹೂತ ಗಾಡಿಗಳನ್ನು, ಕೆಸರಿನಲ್ಲಿ ಹೂತ ಗಾಡಿಗಳನ್ನು ನೋಡಿನೋಡಿ ಈ ನೈಲಾನ್ ಹಗ್ಗ ಹುಡುಕಿದವಳು ನಾನು, ರೊಟ್ಟಿ ಬಡಿಯುವಾಗ ವೈನಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ಅವಳು ಅಪ್ಪ ಊಟಕ್ಕೆ ಕುಳಿತಾಗ ಜೋರಾಗಿ ಹೇಳಿದಳು, ಶಾಂಭವಿ ಹೇಳಿದ್ಲು ಎಂದೂ ಸೇರಿಸಿದಳು, ಸೇರಿಸಲಿಲ್ಲ ಅನ್ನಲಾರೆ, ಆದರೆ ಅಪ್ಪನಿಗೆ ಆ ತುಂಡು ಕೇಳಿಸಲಿಲ್ಲ, ಸೊಸಿ ತಲಿ ನೋಡ್ರಿ ಎಂದು ನಮ್ಮೂರು ಕಿಣ್ಣಿ ಸುಲ್ತಾನಿನ ಕಟ್ಟೆಯ ಮೇಲೆಲ್ಲ ಸಾರಿಕೊಂಡು ಬಂದ, ನಾನು ರೊಟ್ಟಿ ಬಡಿಯುತ್ತಲೇ ಇದ್ದೆ, ಒಂದೇ ರೊಟ್ಟಿಯನ್ನು, ಅದು ಹರಿದುಹೋಗುವವರೆಗೆ.

ನನ್ನ ಜಾಗ ಇಲ್ಲಿ, ಜಾಲಿಗಿಡದ ಪಕ್ಕ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಈ ಅಳತೆಯೂ ನನ್ನದೇ, ಹಗ್ಗ ತುಂಡಾದರೂ ಬಡಿಯದಷ್ಟು ದೂರ, ಪಕ್ಕದ ಹೊಲದ ಸುಭದ್ರಾಬಾಯಿ ಬಂದು ನೋಡುತ್ತಾಳೆ, ಏನ್ ಬೇ ಶಾಂಭವಿ, ಬಣ್ಣದ ಹಗ್ಗ ತಂದೀರಿ, ಜೀಪಿಗಿ ಜೋಕಾಲಿ ಕಟ್ಟಾಕತ್ತೀರೇನ, ಹಿಂದಕ್ಕ ನಿಂದರ್ರಿ ಕಾಕೂ ಎಂದೆ, ಅನ್ನಬೇಕೆಂದುಕೊಂಡೆ, ಅಂದೆನೋ ಇಲ್ಲವೋ, ಅವಳಂತೂ ಕೇಳಿಸಿಕೊಳ್ಳಲಿಲ್ಲ, ನಿಮ್ಮ ವೈನಿ ಗಂಡುಮಗ ಅದಾಳ ನೋಡು ಎಂದಳು, ಹೌದು, ಗಂಡುಮಗ, ಅಫಜಲಪುರದ ಕಡೆ ಭೀಮೆಯ ದಂಡೆಯ ಮರಳಿನಲ್ಲಿ ಅವಳ ಅಪ್ಪ ಜೀಪು ಕಲಿಸಿದನಂತೆ, ನನ್ನ ಅಪ್ಪ ಕಲ್ಯಾಣಪ್ಪ ನನಗೆ ಹೇಳಿದ್ದು ನಿನಗ ಧೈರ್ಯ ಸಾಲಲ್ಲ ಬಿಡು ಬೇ, ಡಿಗ್ರಿ ಮುಗಿಸಿ ಬಂದ ಬೇಸಿಗೆಯಲ್ಲಿ ಒಮ್ಮೆ, ಒಮ್ಮೆಯೇ ಜೀಪಿನ ಕೀಲಿ ಕೇಳಿದ್ದೆ, ಅದೇ ಕೀಲಿಯನ್ನು ಮದುವೆಯ ಮೆಹಂದಿ ಆರುವ ಮೊದಲೇ ವೈನಿಯ ಕೈಗೆ ಹಾಕಿದ, ತಗೋ ಅವ್ವಾ ಎಂದು, ನನ್ನ ಕೈಗೆ ಬಂದದ್ದು ವಿಭೂತಿಯ ಬಟ್ಟಲು, ಪ್ರತಿ ಅಮಾವಾಸ್ಯೆಗೆ ಆ ಹಳೆಯ ಜೀಪನ್ನು ತೊಳೆದು, ಬಾನೆಟ್ಟಿಗೆ, ಗಾಲಿಗೆ, ಕಡೆಗೆ ಹಿಂದಿನ ಹುಕ್ಕಿಗೆ ವಿಭೂತಿ ಹಚ್ಚುವವಳು ನಾನು, ನೀರಿನ ಟ್ಯಾಂಕಿ ಎಳೆಯಲೆಂದು ಅಪ್ಪ ಯಾವ ಕಾಲದಲ್ಲೋ ವೆಲ್ಡಿಂಗ್ ಮಾಡಿಸಿದ ಹುಕ್ಕು, ನಮ್ಮ ಕಬ್ಬನ್ನ ಸಾಕಿದ ಹುಕ್ಕು ಬೇ ಇದು, ಚೊಲೋತಂಗ ಹಚ್ಚು ಅನ್ನುತ್ತಾನೆ, ಮೂರು ಬೆರಳು ಅದ್ದಿ ಎಳೆಯುತ್ತೇನೆ, ಮೂರು ಗೆರೆ ಅಡ್ಡ, ಹೋದ ಅಮಾವಾಸ್ಯೆ ನಾನು ಎಳೆಯದ ಇನ್ನೊಂದು ಗೆರೆ ತಾನಾಗಿ ಮೂಡಿತು, ಉದ್ದಕ್ಕೆ, ಕೂದಲಿನಷ್ಟು ಸಣ್ಣದು, ಒರೆಸಿದೆ, ಹೋಗಲಿಲ್ಲ, ಒದ್ದೆ ವಿಭೂತಿ ಕಬ್ಬಿಣದ ಒಳಗೆ ಇಳಿದಿತ್ತು, ವೆಲ್ಡಿಂಗ್ ಸೀಳಿದ ಜಾಗದೊಳಕ್ಕೆ, ಅಪ್ಪಾ ಎಂದು ತಿರುಗಿದೆ, ಅಪ್ಪ ವೈನಿಯ ಜೊತೆ ನಗುತ್ತಿದ್ದ, ಅವಳ ಯಾವುದೋ ಮಾತಿಗೆ, ಹಲ್ಲು ಕಾಣುವಂತೆ, ನಾನು ಬಟ್ಟಲು ತೊಳೆದಿಟ್ಟೆ.

ಈಗ ಆ ಜೀಪೇ ಹೂತಿದೆ, ನಿನ್ನೆ ಮಳೆ ನಿಂತ ಕೂಡಲೇ ಅಣ್ಣ ಗುರುಶಾಂತ ಅವಸರ ಮಾಡಿ ಕಬ್ಬಿನ ಬದಿಗೆ ಇಳಿಸಿದ, ಮೂತಿ ಒಳಗೆ, ಬೆನ್ನು ನಮ್ಮ ಕಡೆ, ಭೂಸನೂರಿನ ಕಾರ್ಖಾನೆಗೆ ಕಬ್ಬು ಒಯ್ಯುವವರ ಟ್ರ್ಯಾಕ್ಟರನ್ನು ಕರೆದರೆ ಅದೂ ಹೂತುಕೊಳ್ಳುತ್ತದೆ, ಅದಕ್ಕೇ ಹಗ್ಗ, ಅದಕ್ಕೇ ಗಟ್ಟಿ ದಾರಿಯ ಮೇಲೆ ನಿಂತಿರುವ ವೈನಿಯ ತವರಿನ ಜೀಪು, ಬಟ್ಟೆಯ ಹುಡ್ಡಿನದು, ಅವಳ ಬೆನ್ನ ಹಿಂದೆ ಬರೀ ಬಟ್ಟೆ, ಅವಳು ಎಲ್ಲ ಸರಿಯಾಗಿಯೇ ಮಾಡಿದಳು, ಗಾಲಿಯ ಸುತ್ತಲಿನ ಕೆಸರು ತೆಗೆಸಿದಳು, ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿದಳು, ತುಂಡಾದರೆ ಹಾರದೆ ಕೆಳಗೆ ಬೀಳಲಿ ಎಂದು, ತನ್ನ ಜೀಪಿನ ಕಡೆ ಚೇಸಿಗೇ, ಅಡಿಯ ಉಕ್ಕಿನ ಚೌಕಟ್ಟಿಗೇ ಕಟ್ಟಿದಳು, ಹಳೆಯ ಜೀಪಿಗೂ ಚೇಸಿಗೇ ಕಟ್ಟೋಣ್ರಿ ಮಾವಾ ಎಂದಳು, ಅಪ್ಪ ನಕ್ಕ, ಚೇಸಿ ಎರಿ ಒಳಗ ಕುಂತದ ತಾಯಿ, ಯಾರ್ ಕೈ ಹಾಕೋರು, ಹುಕ್ಕಿಗಿ ಹಾಕು, ಟ್ಯಾಂಕಿ ಎಳಿಯೋ ಹುಕ್ಕು, ನಮ್ಮ ದೇವರದು, ವೈನಿ ಹಗ್ಗದ ಕುಣಿಕೆ ಹಿಡಿದು ಹಾಗೇ ನಿಂತಳು, ಟ್ಯಾಂಕಿ ಸಾವಕಾಶ ಎಳೆಯುವುದು ಬೇರೆ, ಈ ಹಗ್ಗದ ಏಟು ಬೇರೆ, ಅವಳಿಗೆ ಗೊತ್ತು, ಹುಕ್ಕು ಕಿತ್ತರೆ ಹಿಗ್ಗಿದ ಹಗ್ಗ ಅದನ್ನು ಕವಣೆ ಕಲ್ಲಿನ ಹಾಗೆ ಎಸೆಯುತ್ತದೆ, ನಾನೇ ಹೇಳಿದ್ದೆ, ಆದರೆ ಮಾವ ದೇವರದು ಎಂದ ಮೇಲೆ ಸೊಸೆ ಏನು ಹೇಳುತ್ತಾಳೆ, ಗಂಡುಮಗನಾದರೂ ಸೊಸೆಯೇ, ಅವಳು ಇತ್ತ ತಿರುಗಿ ಕೂಗಿದಳು — ಶಾಂಭವಿ, ಅಮಾವಾಸಿಗೆ ನೀನೇ ತೊಳೀತಿಯಲ್ಲಾ, ಹುಕ್ಕು ಗಟ್ಟಿ ಅದ ಹೌದಿಲ್ಲೋ? — ಆಕಿಗೇನ್ ಕೇಳ್ತಿ ಅವ್ವಾ, ಆಕಿಗೇನ್ ತಿಳೀತದ, ಎಂದ ಅಪ್ಪ.

ಆಕಿಗೇನ್ ತಿಳೀತದ. ಸೀಳಿನ ಮಾತು ನಾಲಿಗೆಯ ತುದಿಯಲ್ಲಿ ಇತ್ತು, ಈಗಲೂ ಇದೆ, ಉಪ್ಪುಪ್ಪಾಗಿ, ಹೇಳಿದ್ದರೆ ಆಗುತ್ತಿತ್ತು, ಇಲ್ರಿ ವೈನಿ ಎಂದರೆ ಸಾಕಾಗಿತ್ತು, ಹೇಳಲಿಲ್ಲ, ನಮ್ಮ ಮನೆಯಲ್ಲಿ ನಾನು ಸುಮ್ಮನಿದ್ದರೆ ಹೂಂ ಎಂದೇ ಅರ್ಥ, ವೈನಿಯೂ ಅದನ್ನು ಕಲಿತಿದ್ದಾಳೆ, ಕುಣಿಕೆಯನ್ನು ಹುಕ್ಕಿಗೇ ಹಾಕಿದಳು, ಹುಕ್ಕು ಕಳಚಿ ಬರಲಿ, ಜೀಪು ಅಲುಗದೇ ಇರಲಿ, ಸೊಸಿಯ ತಲಿ ಊರಿಗೆಲ್ಲ ಕಾಣಲಿ, ಅಷ್ಟೇ ನಾನು ಬಯಸಿದ್ದು, ಅಷ್ಟೇ, ಅವಳು ಸ್ಟೇರಿಂಗಿಗೆ ಕುಳಿತು ಕಿಟಕಿಯಿಂದ ತಲೆ ಹೊರಗೆ ಹಾಕಿದಳು, ಶಾಂಭವೀ, ಸನ್ನೆ ನಿಂದು, ನಿನ್ನ ಕೈ ಎದ್ರ ಹೊಂಡ್ತೇನಿ, ಬ್ಯಾರೆ ಯಾರ್ ಒದರಿದ್ರೂ ಕೇಳಂಗಿಲ್ಲ, ಸನ್ನೆ ಮಾಡುವವರು ಒಬ್ಬರೇ ಇರಬೇಕು, ಅದೂ ನಾನು ಹೇಳಿದ್ದೇ, ನನ್ನ ಮಾತನ್ನೆಲ್ಲ ಅವಳು ಎಷ್ಟು ಜೋಪಾನ ಮಾಡಿ ಇಟ್ಟುಕೊಂಡಿದ್ದಾಳೆ, ನನ್ನ ಕೈ ಎದ್ದಿತು. ಎದ್ದಿತು, ನಾನು ಎತ್ತಿದೆ. ಜೀಪು ಹೊರಟಿತು, ಜಿಲೇಬಿ ಬಿಚ್ಚಿಕೊಂಡಿತು, ಹಗ್ಗ ಸೆಟೆದು ತೆಳ್ಳಗಾಯಿತು, ಗೋಣಿಚೀಲ ಮೇಲೆದ್ದು ನೀರು ಹಿಂಡಿತು, ಹಳೆಯ ಜೀಪು ಮೊಳದಷ್ಟು ಹಿಂದೆ ಸರಿದು ಮತ್ತೆ ಕುಳಿತಿತು, ಹುಕ್ಕು ಇತ್ತು, ಇನ್ನೂ ಅಲ್ಲೇ ಇತ್ತು, ಸುಭದ್ರಾಬಾಯಿ ಚಪ್ಪಾಳೆ ತಟ್ಟಿದಳು, ಅಪ್ಪ ಒದರಿದ, ಇನ್ನೊಂದ್ ಸಲ ಅವ್ವಾ, ಈ ಸಲ ಜೋರ್ ಬರಲಿ.

ವೈನಿ ಹಿಂದಕ್ಕೆ ಬರುತ್ತಿದ್ದಾಳೆ, ಮೊದಲಿಗಿಂತ ಹೆಚ್ಚು ಹಿಂದಕ್ಕೆ, ಸಡಿಲ ಹೆಚ್ಚಾದಷ್ಟೂ ಏಟು ಹೆಚ್ಚು, ಮತ್ತೆ ತಲೆ ಹೊರಗೆ, ಜಡೆ ಜಾರಿ ಕಿಟಕಿಯ ಹೊರಗೆ ತೂಗುತ್ತಿದೆ, ಕುತ್ತಿಗೆ ಬರಿದಾಗಿದೆ, ಬಿಳಿಯ ಕುತ್ತಿಗೆ, ಅವಳಿಗೆ ಜ್ವರ ಬಂದಾಗ ಅಲ್ಲೇ ಒದ್ದೆ ಬಟ್ಟೆ ಇಟ್ಟಿದ್ದೆ, ನೀನ್ ಇಲ್ದಿದ್ರ ಈ ಮನ್ಯಾಗ ನಾ ಯಾರ್ ಕೂಡ ಮಾತಾಡ್ಲಿ ಎಂದು ಅತ್ತಿದ್ದಳು, ನನ್ನ ಕೈ ನೋಡುತ್ತಿದ್ದಾಳೆ, ಬರೀ ನನ್ನ ಕೈ, ಅಪ್ಪ ಒದರಿದರೂ ಕೇಳುವುದಿಲ್ಲ, ಈ ಹೊಲದಲ್ಲಿ ಇವತ್ತು ಅಪ್ಪನಿಗಿಂತ ದೊಡ್ಡದು ನನ್ನ ಕೈ, ಮೂರು ಗೆರೆ ಅಡ್ಡ, ಒಂದು ಉದ್ದ, ಎತ್ತಬೇಕು, ಎತ್ತ್ ಬೇ ಶಾಂಭವಿ, ಏನ್ ನಿಂತಿ, ಅದು ಅಪ್ಪ — ಎರಡೂ ಕೈ ಎದ್ದವು, ತಲೆಯ ಮೇಲೆ ಒಂದಕ್ಕೊಂದು ಅಡ್ಡ ಕೂತವು, ಮತ್ತು ಒಂದು ದನಿ, ಜಾಲಿಗಿಡದ ಗುಬ್ಬಿಗಳೆಲ್ಲ ಹಾರಿಹೋಗುವಂಥ ದನಿ, ವೈನೀ ಬ್ಯಾಡ್ರೀ, ನಿಂದರ್ರೀ, ಹುಕ್ಕು ಸೀಳ್ಯಾದ — ನನ್ನದೇ, ನನ್ನ ಗಂಟಲಿನಲ್ಲಿ ಇದು ಎಲ್ಲಿತ್ತು, ವೈನಿ ಅಲ್ಲೇ ಇಂಜಿನ್ ಬಂದ್ ಮಾಡಿದಳು, ಒಂದು ಮಾತೂ ಕೇಳದೆ.

ಅಪ್ಪ ಬಗ್ಗಿ ಹೆಬ್ಬೆರಳಿನಿಂದ ವಿಭೂತಿ ಒರೆಸಿದ, ಹುಕ್ಕು ಹಿಡಿದು ಅಲುಗಿಸಿದ, ಮಕ್ಕಳ ಹಾಲುಹಲ್ಲಿನ ಹಾಗೆ ಅದು ಕೈಗೇ ಬಂತು, ಅಂಗೈಯಲ್ಲಿಟ್ಟುಕೊಂಡು ನೋಡಿದ, ಆಮೇಲೆ ಅಣ್ಣನೂ ಅವನೂ ಕೆಸರಿನಲ್ಲಿ ಮಲಗಿ ಎರೆ ಬಗೆದು ಚೇಸಿ ಹುಡುಕಿದರು, ಕುಣಿಕೆ ಅಲ್ಲಿಗೆ ಬಿತ್ತು, ನಾನು ಕೈ ಎತ್ತಿದೆ, ಜೀಪು ಬಂತು, ಬೆಣ್ಣೆಯಿಂದ ಚಾಕು ಬಂದ ಹಾಗೆ, ಸುಭದ್ರಾಬಾಯಿ ಕೇಕೆ ಹಾಕಿದಳು, ಅಪ್ಪ ಅವಳಿಗೆ ಹೇಳುತ್ತಿದ್ದಾನೆ ನನ್ನ ಸೊಸಿ ಹುಷಾರ್ ಅದಾಳ್ರಿ, ಮತ್ತೆ ಸೊಸಿ, ಮತ್ತೆ ಅದೇ, ಎದೆಯಲ್ಲಿ ಏನೋ ಮತ್ತೆ ಸೆಟೆಯುತ್ತದೆ, ಇಷ್ಟಾದ ಮೇಲೂ ಸೆಟೆಯುತ್ತದಲ್ಲ, ವೈನಿ ಓಡಿ ಬರುತ್ತಾಳೆ, ನಾನಲ್ರಿ ಮಾವಾ, ಶಾಂಭವಿ, ನನ್ನ ಜೀವ ಉಳಿಸಿದ್ಲ್ರಿ, ಕೆಸರಿನ ಕೈಯಲ್ಲಿ ನನ್ನ ಮುಖ ಹಿಡಿಯುತ್ತಾಳೆ, ಈಗ ಅಪ್ಪ ನನ್ನನ್ನು ನೋಡುತ್ತಾನೆ, ನಾನು ಯಾವತ್ತಿನಿಂದಲೋ ಕಾದ ನೋಟ, ಹಲ್ಲು ಕಾಣುವಂತೆ, ಭೇಷ್ ಮಗಳೇ ಎನ್ನುತ್ತಾನೆ, ಹಿಡಿದುಕೊಳ್ಳಬೇಕು ಇದನ್ನು, ಡೈರಿಯಲ್ಲಿ ಬರೆಯಬೇಕು, ಇದೊಂದನ್ನೇ ಬರೆಯಬೇಕು, ವೈನಿ ಕಣ್ಣರಳಿಸಿ, ಮೆಚ್ಚಿಯೇ, ಬರೀ ಮೆಚ್ಚಿಯೇ ಕೇಳುತ್ತಾಳೆ — ಅಲ್ಲ ಬೇ, ಇಷ್ಟು ದೂರ ನಿಂತಿದ್ದಿ, ಕೂದಲಷ್ಟು ಸಣ್ಣ ಸೀಳು, ಇಲ್ಲಿಂದ ನಿನಗ ಹ್ಯಾಂಗ ಕಾಣಿಸ್ತು? — ಇಲ್ಲಿಂದ, ಜಾಲಿಗಿಡದಿಂದ, ಅಪ್ಪ ಇನ್ನೂ ನಗುತ್ತಿದ್ದಾನೆ, ಅವನ ಅಂಗೈಯಲ್ಲಿ ಹುಕ್ಕು, ವಿಭೂತಿ ಅಳಿಸಿಹೋಗಿದೆ, ಸೀಳಿನಲ್ಲಿ ಮಾತ್ರ ಉಳಿದಿದೆ, ಬೆಳ್ಳಗೆ, ಮೂರು ಗೆರೆ ಅಡ್ಡ ಇದ್ದವು, ಒಂದು ಉದ್ದ, ಒಂದು ಉದ್ದ, ಇಲ್ಲಿಂದಲೂ ಕಾಣುತ್ತದೆ, ಆ ಒಂದು —